ಸಿಲ್ಲಿ ಮಿಸ್ಟೇಕ್ ಎಂದು ಬರೆದ ಮೇಲೆ

ಉಪನ್ಯಾಸಕಿ: ಹಾಳೆಗಳನ್ನು ಪಕ್ಕಕ್ಕೆ ಸರಿಸಿದ ರೀತಿ ನೋಡಿದರೆ ನಿಮಗೆ ಈ ಪದ್ಧತಿಯೇ ಹಿಡಿಸಿಲ್ಲ ಅನಿಸುತ್ತದೆ. ಮಗು ತನ್ನ ಕಲಿಕೆಯನ್ನು ತಾನೇ ತಿರುಗಿ ನೋಡಬೇಕು ಅನ್ನುವುದರಲ್ಲಿ ತಪ್ಪೇನಿದೆ?

ಮೇಷ್ಟ್ರು: ಅದರಲ್ಲಿ ತಪ್ಪಿಲ್ಲ. ಆದರೆ ಈ ಹಾಳೆಗಳಲ್ಲಿ ಯಾರೂ ತಿರುಗಿ ನೋಡಿಲ್ಲ. ಒಂಬತ್ತನೇ ತರಗತಿಯವರ ಸ್ವಮೌಲ್ಯಮಾಪನ ಇದು. ಕಷ್ಟವಾದದ್ದು ಯಾವುದು, ಕಾರಣವೇನು, ಮುಂದೆ ಏನು ಮಾಡುವೆ ಅಂತ ಮೂರು ಪ್ರಶ್ನೆ. ಉತ್ತರ ಓದಿ. 'ಬಹುಪದೋಕ್ತಿ ಕಷ್ಟ. ನಾನು ಗಮನ ಕೊಡಲಿಲ್ಲ. ಮುಂದೆ ಚೆನ್ನಾಗಿ ಓದುತ್ತೇನೆ.' ಅದರ ಕೆಳಗಿನ ಹಾಳೆಯಲ್ಲೂ ಅದೇ. ಸ್ವಲ್ಪ ಜಾಣರು 'ಸಿಲ್ಲಿ ಮಿಸ್ಟೇಕ್ ಮಾಡಿದೆ' ಎಂದು ಬರೆದಿದ್ದಾರೆ.

ಉಪನ್ಯಾಸಕಿ: ಪ್ರಾಮಾಣಿಕವಾಗಿಯೇ ಬರೆದಿರಬಹುದಲ್ಲ?

ಮೇಷ್ಟ್ರು: ಪ್ರಾಮಾಣಿಕವಾಗಿಯೇ ಬರೆದಿದ್ದಾರೆ. ನನಗೆ ಚಿಂತೆ ಅದೇ. ಈ ಹುಡುಗನ ಉತ್ತರ ಪತ್ರಿಕೆ ನನ್ನ ಹತ್ತಿರ ಇದೆ. ಎರಡು ಪದಗಳ ಮೊತ್ತವನ್ನು ವರ್ಗ ಮಾಡು ಅಂದಾಗಲೆಲ್ಲ ಅವನು ಎರಡನ್ನೂ ಬೇರೆ ಬೇರೆ ವರ್ಗ ಮಾಡಿ ಕೂಡಿಸಿದ್ದಾನೆ. ಒಂದು ಲೆಕ್ಕದಲ್ಲಿ ಅಲ್ಲ, ಬಂದ ಕಡೆಯಲ್ಲೆಲ್ಲ. 3 ಮತ್ತು 4ನ್ನು ಕೂಡಿಸಿ ವರ್ಗ ಮಾಡಿದರೆ 49, ಬೇರೆ ಬೇರೆ ಮಾಡಿದರೆ 25. ಸಂಖ್ಯೆ ಕೊಟ್ಟರೆ ಅವನೂ 49 ಅಂತಲೇ ಹೇಳುತ್ತಾನೆ, ಅಕ್ಷರ ಬಂದರೆ ದಾರಿ ಬದಲಾಗುತ್ತದೆ. ಇದು ಕೈ ಜಾರಿ ಆದದ್ದಲ್ಲ, ಅವನ ನಂಬಿಕೆ. ಆ ನಂಬಿಕೆಯನ್ನು ಅವನು ಗಮನಿಸಿಯೇ ಇಲ್ಲ. 'ಸಿಲ್ಲಿ ಮಿಸ್ಟೇಕ್' ಅಂತ ಬರೆದ ಕ್ಷಣವೇ ಹುಡುಕುವುದು ನಿಂತುಹೋಯಿತು. ಹೆಸರು ಸಿಕ್ಕಿತು, ಕಾರಣ ಸಿಕ್ಕಿತು, ಹಾಳೆ ತುಂಬಿತು.

ಉಪನ್ಯಾಸಕಿ: ಹಾಗಾದರೆ ಪ್ರಶ್ನೆ ಕೇಳಿದ ರೀತಿ ಸರಿಯಿಲ್ಲ. 'ಯಾವ ಸಾಲಿನಲ್ಲಿ ದಾರಿ ತಪ್ಪಿತು' ಅಂತ ಕೇಳಿದ್ದರೆ ಅವನೇ ಕಂಡುಕೊಳ್ಳುತ್ತಿದ್ದ.

ಮೇಷ್ಟ್ರು: ಅವನೇ ಕಂಡುಕೊಳ್ಳುತ್ತಾನೆ ಅನ್ನುವುದರಲ್ಲೇ ನನಗೆ ಅನುಮಾನ. ಬೆನ್ನಿಯ ಕಥೆ ನಿಮ್ಮ ಕಾಲೇಜಿನಲ್ಲಿ ಪಾಠ ಮಾಡುತ್ತೀರಾ?

ಉಪನ್ಯಾಸಕಿ: ಅರ್ಲ್‌ವ್ಯಾಂಗರ್ ಬರೆದದ್ದು. ಹೆಸರು ಹೇಳುತ್ತೇವೆ, ಒಳಗೆ ಹೋಗುವುದಿಲ್ಲ.

ಮೇಷ್ಟ್ರು: ಒಳಗೆ ಹೋಗಬೇಕು. 1973ರ ಲೇಖನ, ಅಮೆರಿಕದ ಒಂದು ಶಾಲೆ. ಬೆನ್ನಿಗೆ 12 ವರ್ಷ, ಆರನೇ ತರಗತಿ. ಅಲ್ಲಿ ಪ್ರತಿ ಮಗುವೂ ತನ್ನ ವೇಗದಲ್ಲಿ ಕಿರುಪುಸ್ತಕ ಓದಿ, ಪರೀಕ್ಷೆ ಬರೆದು, ಉತ್ತರದ ಕೀಲಿಗೆ ಹೋಲಿಸಿ ಮುಂದಿನ ಹಂತಕ್ಕೆ ಹೋಗುವ ವ್ಯವಸ್ಥೆ. ಎರಡನೇ ತರಗತಿಯಿಂದ ಹುಡುಗ ಅದರಲ್ಲೇ ಬೆಳೆದಿದ್ದ. ಟೀಚರ ಲೆಕ್ಕದಲ್ಲಿ ಚೆನ್ನಾಗಿ ಮುಂದುವರಿಯುತ್ತಿದ್ದವರಲ್ಲಿ ಅವನೂ ಒಬ್ಬ. ಅರ್ಲ್‌ವ್ಯಾಂಗರ್ ಪಕ್ಕದಲ್ಲಿ ಕೂತು ಮಾತಾಡಿಸಿದಾಗ ಗೊತ್ತಾಯಿತು, ಹತ್ತರಲ್ಲಿ ಎರಡು ಎಂಬ ಭಿನ್ನರಾಶಿಯನ್ನು ಅವನು ದಶಮಾಂಶದಲ್ಲಿ 1.2 ಅಂತ ಬರೆಯುತ್ತಾನೆ. ಮೇಲಿನದನ್ನೂ ಕೆಳಗಿನದನ್ನೂ ಕೂಡಿಸು, 12 ಬಂತು, ಮಧ್ಯೆ ಚುಕ್ಕೆ ಇಡು. ನಾನೂರರಲ್ಲಿ ನಾನೂರು ಎಷ್ಟು? 8.00. 0.3ಕ್ಕೆ 0.4 ಸೇರಿಸಿದರೆ 0.07, ಏಕೆಂದರೆ ಚುಕ್ಕೆಯ ನಂತರ ಒಟ್ಟು ಎರಡು ಅಂಕೆಗಳಿವೆ! ಪ್ರತಿಯೊಂದಕ್ಕೂ ನಿಯಮ ಇತ್ತು, ನಿಯಮಕ್ಕೆ ವಿವರಣೆ ಇತ್ತು. ಕೀಲಿಗೂ ಉತ್ತರಕ್ಕೂ ತಾಳೆಯಾಗದಿದ್ದಾಗ ಅವನು ಏನು ತೀರ್ಮಾನಿಸಿದ್ದ ಗೊತ್ತೇ? ಒಂದೇ ಉತ್ತರವನ್ನು ಹಲವು ರೂಪದಲ್ಲಿ ಬರೆಯಬಹುದು, ಕೀಲಿ ಮಾತ್ರ ಒಂದನ್ನೇ ಒಪ್ಪುತ್ತದೆ ಅಂತ. ಆ ಹುಡುಗ ಯೋಚಿಸದೆ ಕೂತಿರಲಿಲ್ಲ. ನಾವು ಪಾಠ ಹೇಳುವ ಎಷ್ಟೋ ಮಕ್ಕಳಿಗಿಂತ ಹೆಚ್ಚು ಯೋಚಿಸಿದ್ದ. ಒಬ್ಬನೇ ಯೋಚಿಸಿದ್ದ.

ಉಪನ್ಯಾಸಕಿ: ಅದನ್ನೇ ನಾನು ಇನ್ನೊಂದು ಕಡೆಯಿಂದ ನೋಡುತ್ತೇನೆ. ಬೆನ್ನಿಯ ಒಳಗೆ ಏನು ನಡೆಯುತ್ತಿದೆ ಅಂತ ಗೊತ್ತಾದದ್ದೇ ಅವನು ತನ್ನ ಯೋಚನೆಯನ್ನು ಬಾಯಿಬಿಟ್ಟು ಹೇಳಿದ್ದರಿಂದ. ಅಷ್ಟು ವರ್ಷಗಳ ಟಿಕ್ ಗುರುತುಗಳು ತೋರಿಸದಿದ್ದನ್ನು ಆ ಮಾತು ತೋರಿಸಿತು. 'ನೀನು ಹೇಗೆ ಯೋಚಿಸಿದೆ' ಅಂತ ಮಗುವನ್ನು ಕೇಳುವುದಕ್ಕೆ ಇದಕ್ಕಿಂತ ದೊಡ್ಡ ಸಮರ್ಥನೆ ಬೇಕೇ?

ಮೇಷ್ಟ್ರು: ಕೇಳಿದವನಿಗೆ ಗಣಿತ ಗೊತ್ತಿತ್ತು. ಖಾಲಿ ಹಾಳೆಗೆ ಗೊತ್ತಿರುವುದಿಲ್ಲ.

ಉಪನ್ಯಾಸಕಿ: ಒಪ್ಪಿದೆ. ಆದರೆ ಯಾರೂ ಪಕ್ಕದಲ್ಲಿ ಇಲ್ಲದಾಗಲೂ ತಿರುಗಿ ನೋಡುವ ಅಭ್ಯಾಸ ಫಲ ಕೊಡುತ್ತದೆ. ಮಿಶಲೀನ್ ಚಿ ಮತ್ತು ಅವರ ಜೊತೆಗಾರರು 1989ರಲ್ಲಿ ಭೌತಶಾಸ್ತ್ರ ಕಲಿಯುವವರನ್ನು ಗಮನಿಸಿದರು. ಬಿಡಿಸಿ ತೋರಿಸಿದ ಲೆಕ್ಕಗಳನ್ನು ಓದುವಾಗ ಮನಸ್ಸಿಗೆ ಬಂದದ್ದನ್ನೆಲ್ಲ ಗಟ್ಟಿಯಾಗಿ ಹೇಳಿ ಅಂದರು. ಬೆರಳೆಣಿಕೆಯ ವಿದ್ಯಾರ್ಥಿಗಳು, ಆದರೆ ವ್ಯತ್ಯಾಸ ಕಣ್ಣಿಗೆ ಹೊಡೆಯುವಂತಿತ್ತು. ಚೆನ್ನಾಗಿ ಕಲಿತವರು ಪ್ರತಿ ಹೆಜ್ಜೆಗೂ 'ಇದು ಯಾಕೆ ಹೀಗೆ' ಅಂತ ತಮಗೆ ತಾವೇ ವಿವರಿಸಿಕೊಳ್ಳುತ್ತಿದ್ದರು, 'ಇದು ಅರ್ಥವಾಗಲಿಲ್ಲ' ಅಂತ ಹೆಚ್ಚು ಸಲ ಹೇಳುತ್ತಿದ್ದರು. ಹಿಂದುಳಿದವರು 'ಅರ್ಥವಾಯಿತು' ಅಂತ ಮುಂದೆ ಹೋಗುತ್ತಿದ್ದರು. 1994ರಲ್ಲಿ ಎಂಟನೇ ತರಗತಿಯವರಿಗೆ ರಕ್ತ ಪರಿಚಲನೆಯ ಪಾಠ ಕೊಟ್ಟು, ಒಂದು ಗುಂಪಿಗೆ ಪ್ರತಿ ವಾಕ್ಯವನ್ನೂ ತಮಗೆ ವಿವರಿಸಿಕೊಳ್ಳಲು ಹೇಳಿದರು, ಇನ್ನೊಂದು ಗುಂಪು ಪಾಠವನ್ನು ಎರಡು ಸಲ ಓದಿತು. ವಿವರಿಸಿಕೊಂಡವರ ತಿಳಿವಳಿಕೆ ಹೆಚ್ಚು ಆಳಕ್ಕೆ ಹೋಗಿತ್ತು.

ಮೇಷ್ಟ್ರು: ನಿಲ್ಲಿ. ಅಲ್ಲಿ ಮಕ್ಕಳು ಏನನ್ನು ನೋಡುತ್ತಿದ್ದರು? ವಾಕ್ಯವನ್ನು, ಲೆಕ್ಕದ ಹೆಜ್ಜೆಯನ್ನು. ತಮ್ಮ ಸ್ವಭಾವವನ್ನಲ್ಲ. 'ನಾನು ಎಂಥ ವಿದ್ಯಾರ್ಥಿ' ಅಂತ ಅವರು ಕೇಳಿಕೊಳ್ಳಲಿಲ್ಲ, 'ಈ ರಕ್ತ ಯಾವ ಕೋಣೆಯಿಂದ ಯಾವ ಕೋಣೆಗೆ ಹೋಯಿತು' ಅಂತ ಕೇಳಿಕೊಂಡರು. ಇವೆರಡನ್ನೂ ನೀವು ಒಂದೇ ಹೆಸರಿನಲ್ಲಿ ಕರೆದು ಶಾಲೆಗೆ ಕಳಿಸುತ್ತೀರಿ. ಶಾಲೆಗೆ ಬಂದು ತಲುಪುವುದು ಮೊದಲನೆಯದು ಮಾತ್ರ.

ಉಪನ್ಯಾಸಕಿ: ಆದರೂ 'ನನಗೆ ಎಷ್ಟು ಗೊತ್ತು' ಅನ್ನುವ ಅಂದಾಜು ಬೇಡವೇ? ಅದಿಲ್ಲದೆ ಯಾವುದನ್ನು ಮತ್ತೆ ಓದಬೇಕು ಅಂತ ಮಗು ನಿರ್ಧರಿಸುವುದು ಹೇಗೆ?

ಮೇಷ್ಟ್ರು: ಬೇಕು. ಆದರೆ ಆ ಅಂದಾಜು ಮೋಸ ಮಾಡುತ್ತದೆ. ಪರೀಕ್ಷೆಯ ಹಿಂದಿನ ದಿನ 'ಓದಿದ್ದೀನಿ ಸಾರ್, ಎಲ್ಲ ಬರ್ತದೆ' ಅನ್ನುವ ಮಗು ಸುಳ್ಳು ಹೇಳುತ್ತಿಲ್ಲ. ರೋಡಿಗರ್, ಕಾರ್ಪಿಕೆ ಎಂಬಿಬ್ಬರು 2006ರಲ್ಲಿ ಪ್ರಕಟಿಸಿದ ಪ್ರಯೋಗ ನಿಮಗೂ ಗೊತ್ತು. ಕಾಲೇಜು ವಿದ್ಯಾರ್ಥಿಗಳ ಒಂದು ಗುಂಪು ಪಾಠವನ್ನು ನಾಲ್ಕು ಅವಧಿ ಓದಿತು. ಇನ್ನೊಂದು ಗುಂಪು ಒಂದು ಅವಧಿ ಓದಿ, ಮೂರು ಅವಧಿ ಪುಸ್ತಕ ಮುಚ್ಚಿ ನೆನಪಿನಿಂದ ಬರೆಯಿತು. ಐದು ನಿಮಿಷದ ನಂತರ ಕೇಳಿದರೆ ಓದಿದವರೇ ಮುಂದೆ, ಶೇ. 83ಕ್ಕೆ ಶೇ. 71. ಒಂದು ವಾರ ಬಿಟ್ಟು ಕೇಳಿದರೆ ಓದಿದವರಿಗೆ ನೆನಪಿದ್ದದ್ದು ಶೇ. 40, ಬರೆದವರಿಗೆ ಶೇ. 61. ವಾರದ ನಂತರ ಎಷ್ಟು ನೆನಪಿರುತ್ತದೆ ಅಂತ ಮೊದಲೇ ಕೇಳಿದಾಗ ಹೆಚ್ಚು ಧೈರ್ಯದಿಂದ ಹೇಳಿದವರು ಓದಿದ ಗುಂಪಿನವರೇ. ಮನಸ್ಸು ಸಲೀಸಾಗಿ ಓಡಿದ್ದನ್ನು 'ಗೊತ್ತು' ಅಂತ ತಿಳಿಯುತ್ತದೆ. ಒಳಗೆ ಇಣುಕಿ ನೋಡು ಅಂದರೆ ಮಗುವಿಗೆ ಕಾಣುವುದು ಆ ಸಲೀಸು.

ಉಪನ್ಯಾಸಕಿ: ಪುಟ್ಟ ಮಕ್ಕಳಲ್ಲಿ ಇದು ಇನ್ನೂ ಹೆಚ್ಚು. 1970ರಲ್ಲೇ ಫ್ಲೇವೆಲ್ ಮತ್ತು ಸಂಗಡಿಗರು ತೋರಿಸಿದ್ದರು. ಹತ್ತು ಚಿತ್ರಗಳಲ್ಲಿ ಎಷ್ಟನ್ನು ನೆನಪಿಟ್ಟುಕೊಳ್ಳುತ್ತೀಯ ಅಂದರೆ ಶಿಶುವಿಹಾರದ ಎಷ್ಟೋ ಮಕ್ಕಳು ಹತ್ತನ್ನೂ ಅಂದರು. ನಾಲ್ಕನೇ ತರಗತಿಗೆ ಬರುವ ಹೊತ್ತಿಗೆ ಅಂದಾಜು ವಾಸ್ತವಕ್ಕೆ ಹತ್ತಿರ ಬಂದಿತ್ತು. ನಾನು ಇದರಿಂದ ತಿಳಿಯುವುದು ಇಷ್ಟು: ಅಂದಾಜು ಬೆಳೆಯುತ್ತದೆ, ಬೆಳೆಸಬಹುದು. ಪ್ರತಿ ಕಿರುಪರೀಕ್ಷೆಗೆ ಮುಂಚೆ ಪ್ರತಿ ಪ್ರಶ್ನೆಯ ಪಕ್ಕ 'ಇದು ಬರುತ್ತದೆಯೇ ಇಲ್ಲವೇ' ಅಂತ ಗುರುತು ಹಾಕಿಸಿ, ಪತ್ರಿಕೆ ಕೈಗೆ ಕೊಟ್ಟಾಗ ಆ ಗುರುತಿಗೂ ಉತ್ತರಕ್ಕೂ ತಾಳೆ ನೋಡಿಸಿ. ಬರುತ್ತದೆ ಅಂದುಕೊಂಡು ತಪ್ಪಿದ ಪ್ರಶ್ನೆಯೇ ಆ ಮಗು ಕುಳಿತು ನೋಡಬೇಕಾದದ್ದು. ಡ್ಯೂಯಿ 1910ರಲ್ಲಿ ಬರೆದ ಪುಸ್ತಕದಲ್ಲಿ ವಾದಿಸುವುದೂ ಇದನ್ನೇ. ಯೋಚನೆ ಶುರುವಾಗುವುದು ಒಂದು ತೊಡಕಿನಿಂದ, ದಾರಿ ಎರಡಾಗಿ ಒಡೆದಾಗ. ಶುಕ್ರವಾರದ ಕೊನೆಯ ಪೀರಿಯಡ್ಡಿನಲ್ಲಿ 'ಈಗ ಎಲ್ಲರೂ ಯೋಚಿಸಿ' ಅಂದರೆ ತೊಡಕು ಹುಟ್ಟುವುದಿಲ್ಲ.

ಮೇಷ್ಟ್ರು: ಇದು ನನಗೆ ಒಪ್ಪಿಗೆ. ನಾಳೆಯಿಂದಲೇ ಮಾಡಬಹುದು, ಅಚ್ಚು ಹಾಕಿಸಿದ ಹಾಳೆಯೂ ಬೇಕಿಲ್ಲ. ಆದರೆ ನನ್ನ ದೊಡ್ಡ ತಕರಾರಿಗೆ ನಾನಿನ್ನೂ ಬಂದೇ ಇಲ್ಲ. ಎರಡನೇ ಪ್ರಶ್ನೆ ನೋಡಿ, 'ಕಾರಣವೇನು'. ಒಂದು ಪ್ರೌಢಶಾಲೆಯಲ್ಲಿ ಜೂನ್‌ನಿಂದ ಗಣಿತದ ಹುದ್ದೆ ಖಾಲಿ ಇತ್ತು ಅಂದುಕೊಳ್ಳಿ. ಅಂಥ ಶಾಲೆಗಳು ನಿಮಗೂ ಗೊತ್ತು, ನನಗೂ ಗೊತ್ತು. ಅತಿಥಿ ಶಿಕ್ಷಕರು ಬರುವ ಹೊತ್ತಿಗೆ ಮಳೆಗಾಲ ಅರ್ಧ ಕಳೆದಿರುತ್ತದೆ. ಬಂದವರು ಎರಡು ತಿಂಗಳ ಪಾಠವನ್ನು ಮೂರು ವಾರದಲ್ಲಿ ಓಡಿಸುತ್ತಾರೆ, ಅವರದೂ ತಪ್ಪಲ್ಲ. ಆಮೇಲೆ ಆ ಮಕ್ಕಳ ಮುಂದೆ ಈ ಹಾಳೆ ಇಟ್ಟರೆ ಏನು ಬರೆಯುತ್ತಾರೆ? 'ನಾನು ಸೋಮಾರಿ.' 'ನನಗೆ ಏಕಾಗ್ರತೆ ಇಲ್ಲ.' 'ನಾನು ದಡ್ಡಿ.' ಹದಿನಾಲ್ಕು ವರ್ಷದ ಹೆಣ್ಣುಮಗು ತನ್ನ ಕೈಯಾರೆ ಬರೆದು ಸಹಿ ಹಾಕುತ್ತಾಳೆ. ಇಲಾಖೆ ತುಂಬದ ಹುದ್ದೆ ಅವಳ ಹಾಳೆಯಲ್ಲಿ ಅವಳ ಚಾರಿತ್ರ್ಯದ ಕೊರತೆಯಾಗಿ ದಾಖಲಾಗುತ್ತದೆ. ನಾನು ಇದನ್ನು ಸಹಿಸಲಾರೆ.

ಉಪನ್ಯಾಸಕಿ: 'ನಮಗೆ ಎರಡು ತಿಂಗಳು ಟೀಚರ್ ಇರಲಿಲ್ಲ' ಅಂತ ಯಾರೂ ಬರೆಯುವುದಿಲ್ಲವೇ?

ಮೇಷ್ಟ್ರು: ನನ್ನ ಕಣ್ಣಿಗೆ ಬಿದ್ದಿಲ್ಲ. ಬರೆಯಬಹುದು ಅಂತ ಮಕ್ಕಳಿಗೆ ಅನಿಸುವುದೇ ಇಲ್ಲ. ಹಾಳೆಯ ತಲೆಬರಹವೇ 'ನನ್ನ ಕಲಿಕೆ, ನನ್ನ ಹೊಣೆ' ಅಂತ. ಅದರ ಕೆಳಗೆ ಬೇರೆಯವರ ಹೊಣೆಯನ್ನು ಯಾವ ಮಗು ಬರೆದೀತು?

ಉಪನ್ಯಾಸಕಿ: ಇದು ನನ್ನನ್ನೂ ಕಾಡುತ್ತದೆ. ತಪ್ಪಿಗೆ ಕಾರಣ ಹುಡುಕುವಾಗ ಕಾರಣ ತನ್ನ ಗುಣದಲ್ಲಿದೆ ಅಂದುಕೊಂಡ ಮಗು ಕೈಚೆಲ್ಲುತ್ತದೆ, ತಾನು ಹಿಡಿದ ದಾರಿಯಲ್ಲಿದೆ ಅಂದುಕೊಂಡ ಮಗು ದಾರಿ ಬದಲಿಸುತ್ತದೆ. ಕಾರಣ ಹೊರಗೆ ಇದ್ದಾಗ ಅದು ಹೊರಗಿದೆ ಅಂತ ಗುರುತಿಸುವುದೂ ಒಂದು ತಿಳಿವಳಿಕೆಯೇ. ಇನ್ನೊಂದು ಅಪಾಯವೂ ಇದೆ. ಕೆಲವು ಮಕ್ಕಳು, ಅದರಲ್ಲೂ ಅಂಕದಲ್ಲಿ ಮುಂದಿರುವವರು, ತಮ್ಮನ್ನು ತಾವು ನೋಡಿಕೊಳ್ಳುವುದನ್ನು ನಿಲ್ಲಿಸಲಾರರು. ಒಂದು ಅಂಕ ಹೋದದ್ದನ್ನು ರಾತ್ರಿಯಿಡೀ ಮೆಲುಕು ಹಾಕುತ್ತಾರೆ. ಆ ಮೆಲುಕಿನಿಂದ ಯಾವ ಲೆಕ್ಕವೂ ಬಗೆಹರಿಯುವುದಿಲ್ಲ, ನಿದ್ದೆ ಮಾತ್ರ ಹೋಗುತ್ತದೆ. ಅಂಥವರ ಕೈಗೆ ಇನ್ನೊಂದು ಆತ್ಮಾವಲೋಕನದ ಹಾಳೆ ಕೊಡುವುದು ಕ್ರೌರ್ಯ.

ಮೇಷ್ಟ್ರು: ಮನೆಯ ವಿಷಯ ಬರೆಯುವವರೂ ಇದ್ದಾರೆ. 'ಅಪ್ಪ ಕುಡಿದು ಬಂದಾಗ ಓದಲು ಆಗುವುದಿಲ್ಲ.' ಆ ಹಾಳೆ ಫೈಲಿಗೆ ಹೋಗುತ್ತದೆ, ತಪಾಸಣೆಗೆ ಬಂದವರು ತಿರುವಿ ಹಾಕುತ್ತಾರೆ, ಸಹೋದ್ಯೋಗಿಗಳು ಓದುತ್ತಾರೆ. ಆ ಮಗು ಹೇಳಿದ್ದು ನಿಮಗೆ, ಓದಿದ್ದು ಊರು.

ಉಪನ್ಯಾಸಕಿ: ಆ ಹಾಳೆ ಫೈಲಿಗೆ ಹೋಗಲೇಬಾರದು. ಇದರಲ್ಲಿ ಎರಡು ಮಾತಿಲ್ಲ.

ಮೇಷ್ಟ್ರು: ಹೋಗುತ್ತದೆ, ಏಕೆಂದರೆ ಪುರಾವೆ ಬೇಕು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯ ಸಮಗ್ರ ಪ್ರಗತಿ ಪತ್ರದಲ್ಲಿ ಶಿಕ್ಷಕರ ಮೌಲ್ಯಮಾಪನದ ಜೊತೆಗೆ ಮಗುವಿನ ಸ್ವಮೌಲ್ಯಮಾಪನ, ಗೆಳೆಯರ ಮೌಲ್ಯಮಾಪನ ಎಲ್ಲವೂ ಇವೆ. ಕಾಗದದ ಮೇಲೆ ಚೆನ್ನಾಗಿದೆ. ಆದರೆ ಎಫ್‌ಎ, ಎಸ್‌ಎ ಅನ್ನುವ ರೂಪಣಾತ್ಮಕ, ಸಂಕಲನಾತ್ಮಕ ಮೌಲ್ಯಮಾಪನ ನಡೆಸಿದ ಅನುಭವ ನಮಗಿದೆ. ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನ ಮಕ್ಕಳನ್ನು ಹತ್ತಿರದಿಂದ ನೋಡಲಿ ಅಂತ ಬಂತು, ನಾವು ನೋಡುತ್ತಿದ್ದದ್ದು ರಿಜಿಸ್ಟರನ್ನು.

ಉಪನ್ಯಾಸಕಿ: ನಮ್ಮಲ್ಲೂ ಅದೇ. ಎನ್‌ಸಿಟಿಇಯ 2014ರ ನಿಯಮಾವಳಿಯಂತೆ 2015ರಿಂದ ಬಿ.ಎಡ್. ಎರಡು ವರ್ಷವಾಯಿತು. ತನ್ನನ್ನು ತಾನು ಅರಿಯುವುದು ಪಠ್ಯದ ಒಂದು ಭಾಗವೇ ಆಯಿತು. ಇಂಟರ್ನ್‌ಶಿಪ್‌ಗೆ ಹೋದವರು ಪ್ರತಿಫಲನಾ ದಿನಚರಿ ಬರೆಯಬೇಕು. ನಾನು ಅದರ ಪರವಾಗಿಯೇ ಇದ್ದೇನೆ. ಆದರೆ ಅದಕ್ಕೆ ಅಂಕ ಇಟ್ಟ ಕೂಡಲೇ ಆದದ್ದನ್ನು ನೋಡಿದ್ದೇನೆ. 'ಇಂದಿನ ಪಾಠ ಯಶಸ್ವಿಯಾಯಿತು. ಮಕ್ಕಳು ಉತ್ಸಾಹದಿಂದ ಭಾಗವಹಿಸಿದರು. ಸಮಯ ಪಾಲನೆಯಲ್ಲಿ ಸುಧಾರಣೆ ಬೇಕು.' ಕೊನೆಯ ವಾಕ್ಯ ಎಲ್ಲರ ದಿನಚರಿಯಲ್ಲೂ ಇರುತ್ತದೆ, ಏಕೆಂದರೆ ಒಪ್ಪಿಕೊಳ್ಳಲು ಅದಕ್ಕಿಂತ ನಿರಪಾಯವಾದ ಕೊರತೆ ಇಲ್ಲ. ಹಿರಿಯ ಬ್ಯಾಚಿನ ದಿನಚರಿ ಕಿರಿಯ ಬ್ಯಾಚಿಗೆ ಬರುತ್ತದೆ, ದಿನಾಂಕ ಬದಲಾಗುತ್ತದೆ. ಮುಂದೆ ಸಾವಿರಾರು ಮಕ್ಕಳಿಗೆ ಪಾಠ ಹೇಳುವವರು ಇವರು.

ಮೇಷ್ಟ್ರು: ಅಂಕ ತೆಗೆದುಬಿಡಿ.

ಉಪನ್ಯಾಸಕಿ: ತೆಗೆದರೆ ಬರೆಯುವುದೇ ಇಲ್ಲ ಅನ್ನುತ್ತಾರೆ. ಅದೂ ಸ್ವಲ್ಪ ನಿಜ. ಆದರೆ ಅಂಕಕ್ಕಾಗಿ ಬರೆದದ್ದಕ್ಕಿಂತ ಬರೆಯದೇ ಇದ್ದದ್ದು ವಾಸಿ ಅನ್ನುವ ಹಂತಕ್ಕೆ ನಾನು ಬಂದಿದ್ದೇನೆ. ಸುಳ್ಳು ಆತ್ಮಾವಲೋಕನ ಅಭ್ಯಾಸವಾದರೆ ನಿಜವಾದದ್ದು ಮತ್ತೆ ಬರುವುದು ಬಹಳ ಕಷ್ಟ. ತನ್ನ ಬಗ್ಗೆ ಹೇಳಬೇಕಾದಾಗಲೆಲ್ಲ ಎದುರಿನವರಿಗೆ ಬೇಕಾದದ್ದನ್ನು ಹೇಳುವುದು ಕೈಗೆ ಹತ್ತಿಬಿಡುತ್ತದೆ.

ಮೇಷ್ಟ್ರು: ಭಾಷೆಯೂ ಸೇರಿಸಿಕೊಳ್ಳಿ. ಇಂಗ್ಲಿಷ್ ಮಾಧ್ಯಮದ ಮಗು 'ಐ ಶುಡ್ ಇಂಪ್ರೂವ್ ಮೈ ಕಾನ್ಸಂಟ್ರೇಶನ್' ಅಂತ ಬರೆಯುತ್ತದೆ. ಅದೇ ಮಗುವನ್ನು ಕಾರಿಡಾರಿನಲ್ಲಿ ನಿಲ್ಲಿಸಿ ಕೇಳಿ, 'ಆ ಮೈನಸ್ಸು ಬ್ರಾಕೆಟ್ಟಿನ ಒಳಗೆ ಹೋದಾಗ ಎರಡನೆಯದಕ್ಕೂ ತಾಗುತ್ತೆ ಅಂತ ಗೊತ್ತಿರಲಿಲ್ಲ ಸಾರ್' ಅನ್ನುತ್ತದೆ. ಕಾರಿಡಾರಿನ ಮಾತಿನಲ್ಲಿ ಇಡೀ ಪಾಠ ಇದೆ. ಹಾಳೆಯ ವಾಕ್ಯದಲ್ಲಿ ಏನೂ ಇಲ್ಲ.

ಉಪನ್ಯಾಸಕಿ: ಮನೆಮಾತಿನಲ್ಲಿ ಬರೆಯಲಿ, ಬೇಡವಾದರೆ ಹೇಳಲಿ. ಆದರೆ ಶಾಲೆಯಲ್ಲಿ ಇದಕ್ಕೆ ಮಾದರಿಯೇ ಇಲ್ಲ ಅನ್ನಬೇಡಿ. ಕಿರಿಯ ತರಗತಿಗಳ ನಲಿ-ಕಲಿ ಪದ್ಧತಿ ಇದೆ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದಾಗ ರಿಷಿ ವ್ಯಾಲಿಯ ಪ್ರೇರಣೆ ಇತ್ತು, ಯುನಿಸೆಫ್ ಬೆಂಬಲ ಇತ್ತು. ಗೋಡೆಯ ಮೇಲೆ ಕಲಿಕಾ ಏಣಿ. ಆರು ವರ್ಷದ ಮಗುವಿಗೆ ತಾನು ಯಾವ ಮೆಟ್ಟಿಲಲ್ಲಿದ್ದೇನೆ, ಮುಂದಿನ ಕಾರ್ಡು ಯಾವುದು ಅಂತ ಗೊತ್ತಿರುತ್ತದೆ. 'ನಾನು ಎಂಥವಳು' ಎಂದು ಅವಳನ್ನು ಯಾರೂ ಕೇಳುವುದಿಲ್ಲ. 'ನಾನು ಎಲ್ಲಿದ್ದೇನೆ' ಅನ್ನುವುದನ್ನು ಬೆರಳಿಟ್ಟು ತೋರಿಸುತ್ತಾಳೆ.

ಮೇಷ್ಟ್ರು: ಬೆನ್ನಿಯೂ ಏಣಿ ಹತ್ತುತ್ತಲೇ ಇದ್ದ.

ಉಪನ್ಯಾಸಕಿ: ಇಲ್ಲ, ವ್ಯತ್ಯಾಸ ಇದೆ, ಅದನ್ನು ಬಿಟ್ಟುಕೊಡಲಾರೆ. ನಲಿ-ಕಲಿಯಲ್ಲಿ ಐದು ತಟ್ಟೆಗಳು, ಅಂದರೆ ಮಕ್ಕಳು ಕೂರುವ ಐದು ಗುಂಪುಗಳು. ಮೊದಲನೆಯದು ಸಂಪೂರ್ಣ ಶಿಕ್ಷಕರ ಸಹಾಯದ್ದು, ಆಮೇಲೆ ಭಾಗಶಃ ಶಿಕ್ಷಕರ ಸಹಾಯ, ಗೆಳೆಯರ ಸಹಾಯ, ಭಾಗಶಃ ಗೆಳೆಯರ ಸಹಾಯ, ಕೊನೆಗೆ ಸ್ವಕಲಿಕೆ. ಒಂಟಿಯಾಗಿ ನೋಡುವ ಹಂತಕ್ಕೆ ಮುಂಚೆ ಇನ್ನೊಬ್ಬರ ಕಣ್ಣು ಇರುತ್ತದೆ, ಅವರು ಹೇಗೆ ನೋಡುತ್ತಾರೆ ಅಂತ ಮಗು ಕಂಡಿರುತ್ತದೆ. ಈಜು ಕಲಿಸುವವರು ಹೊಟ್ಟೆಯ ಕೆಳಗೆ ಕೈ ಹಿಡಿದಿದ್ದು ನಿಧಾನವಾಗಿ ತೆಗೆಯುವ ಹಾಗೆ. ಬೆನ್ನಿಯ ಶಾಲೆಯಲ್ಲಿ ಆ ಕೈಯೇ ಇರಲಿಲ್ಲ. ನಮ್ಮ ಪ್ರೌಢಶಾಲೆಯ ಹಾಳೆಗಳಲ್ಲೂ ಇಲ್ಲ. ನಲಿ-ಕಲಿ ಮುಗಿದ ಮೇಲೆ ಎಂಟರವರೆಗೆ ಯಾರೂ ಮಗುವಿನ ಜೊತೆ ಕೂತು ಅದರ ತಪ್ಪನ್ನು ಓದಿಲ್ಲ, ಒಂಬತ್ತರಲ್ಲಿ ದಿಢೀರನೆ 'ನಿನ್ನ ತಪ್ಪನ್ನು ನೀನೇ ವಿಶ್ಲೇಷಿಸು' ಅನ್ನುತ್ತೇವೆ.

ಮೇಷ್ಟ್ರು: ಒಪ್ಪಿದೆ. ತಪ್ಪನ್ನು ಓದುವುದಕ್ಕೆ ಸಮಯ ಬೇಕು, ಅರವತ್ತು ಮಕ್ಕಳ ತರಗತಿಯಲ್ಲಿ ಅದು ಸಿಗುವುದಿಲ್ಲ ಅನ್ನುವುದನ್ನು ಮಾತ್ರ ಮರೆಯಬೇಡಿ. ಹಾಗಾಗಿಯೇ ಬೆಂಚಿನ ಪಕ್ಕದವರನ್ನು ಬಳಸಬೇಕು ಅನಿಸುತ್ತದೆ. ಪತ್ರಿಕೆ ಕೊಟ್ಟ ದಿನ ಅಂಕ ಬರೆಯದೆ ಕೊಡುವುದು. ಇಬ್ಬಿಬ್ಬರು ಕೂತು ಒಂದೇ ಒಂದು ಲೆಕ್ಕ ಆರಿಸಿ, ಯಾವ ಸಾಲಿನವರೆಗೆ ಇಬ್ಬರದೂ ಒಂದೇ ಇತ್ತು, ಎಲ್ಲಿ ಬೇರೆಯಾಯಿತು ಅಂತ ಹುಡುಕುವುದು. ಅಂಕ ಕಂಡರೆ ಕಣ್ಣು ಬೇರೆ ಯಾವುದನ್ನೂ ನೋಡುವುದಿಲ್ಲ. 2011ರಲ್ಲಿ ಸುಪ್ರೀಂ ಕೋರ್ಟ್ ಉತ್ತರ ಪತ್ರಿಕೆಯನ್ನು ನೋಡುವುದು ಮಾಹಿತಿ ಹಕ್ಕಿನಡಿ ಪರೀಕ್ಷಾರ್ಥಿಯ ಹಕ್ಕು ಅಂದಿತು. ಎಸ್ಸೆಸ್ಸೆಲ್ಸಿಯಲ್ಲೂ ಅರ್ಜಿ ಹಾಕಿ ನಕಲು ಪ್ರತಿ ತರಿಸುತ್ತಾರೆ. ತನ್ನದೇ ಕೈಬರಹದಲ್ಲಿರುವ ತನ್ನದೇ ಯೋಚನೆ, ಅದಕ್ಕಿಂತ ಒಳ್ಳೆಯ ಕನ್ನಡಿ ಎಲ್ಲಿ ಸಿಕ್ಕೀತು? ಆದರೆ ಮನೆಯವರೆಲ್ಲ ಸೇರಿ ನೋಡುವುದು ಎಲ್ಲಿ ಅಂಕ ಬಿಟ್ಟಿದ್ದಾರೆ, ಎಲ್ಲಿ ಕೂಡಿಸಿಲ್ಲ ಅಂತ.

ಉಪನ್ಯಾಸಕಿ: ಮರುಮೌಲ್ಯಮಾಪನದಲ್ಲಿ ಒಂದು ಅಂಕ ಹೆಚ್ಚಾದರೆ ಸೀಟು ಸಿಗುತ್ತದೆ, ಅವರನ್ನು ದೂರಲಾರೆ. ನನ್ನ ಯೋಚನೆ ಬೇರೆ ಕಡೆ ಹೋಯಿತು. 'ಕಾರಣವೇನು' ಅನ್ನುವ ಕಾಲಂನಲ್ಲಿ ಮಕ್ಕಳು ತಮ್ಮನ್ನೇ ಬೈದುಕೊಳ್ಳುತ್ತಾರೆ ಅಂದಿರಿ. ಆ ಕಾಲಂ ತೆಗೆದು, ಅಲ್ಲಿ 'ಯಾವ ಪಾಠ ನಿನಗೆ ತಲುಪಲಿಲ್ಲ' ಅಂತ ಹಾಕಿದರೆ? ನಿಮ್ಮ ಪಾಠದ ಬಗ್ಗೆ.

ಮೇಷ್ಟ್ರು: ಹಾಕಿ. ನನಗೆ ಅದು ಬೇಕು. ಆದರೆ ಹೆಸರಿದ್ದರೆ ಯಾವ ಮಗುವೂ ನಿಜ ಬರೆಯುವುದಿಲ್ಲ. ಹೆಸರಿಲ್ಲದೆ ಬರೆಯಲಿ.

ಉಪನ್ಯಾಸಕಿ: ಹೆಸರಿಲ್ಲದಿದ್ದರೆ 'ಸಾರ್ ಬೇಗ ಬೇಗ ಹೇಳುತ್ತಾರೆ' ಅಂತ ಬರುತ್ತದೆ. ಅದು ನಿಮ್ಮ ಸ್ವಭಾವದ ಮೇಲಿನ ಮಾತು. 'ಗಮನ ಕೊಡಲಿಲ್ಲ' ಅನ್ನುವುದಕ್ಕೂ ಅದಕ್ಕೂ ವ್ಯತ್ಯಾಸವಿಲ್ಲ. ಅದರಿಂದ ನೀವು ಏನು ತಿದ್ದಿಕೊಳ್ಳುತ್ತೀರಿ?

ಮೇಷ್ಟ್ರು: ಹಾಗಾದರೆ ಹೆಸರು ಬೇಡ, ದಿನಾಂಕ ಇರಲಿ. ಯಾವ ದಿನ, ಬೋರ್ಡಿನ ಮೇಲೆ ಯಾವ ಲೆಕ್ಕ, ಎಷ್ಟನೇ ಸಾಲಿನಲ್ಲಿ ನನ್ನ ಕೈ ಬಿಟ್ಟುಹೋಯಿತು ಅಂತ ಬರೆಯಲಿ. ಸಂಜೆ ನಾನು ಆ ಸಾಲನ್ನು ತೆಗೆದು ನೋಡುತ್ತೇನೆ.